ಜೀಪಿನ ಎಡಗಡೆಯ ಸೀಟು

ಹೆಸರು: ಪ್ರಣೀತಾ ಕೋಂ ಸುಜನ್ ಉಪಾಧ್ಯ. ವಯಸ್ಸು: 24. ಉದ್ಯೋಗ: ಗೃಹಿಣಿ. ವಾಸ: ವರ್ತಕ ನಗರ, ಥಾಣೆ ಪಶ್ಚಿಮ. ಸ್ವಂತ ಊರು: ಉಡುಪಿ.

ನನಗೆ ಮರಾಠಿ ಬಾರದ ಕಾರಣ ನಾನು ಕನ್ನಡದಲ್ಲಿ ಹೇಳಿದ್ದನ್ನು ಹವಾಲ್ದಾರ್ ಸೈದಪ್ಪನವರು ಬರೆದುಕೊಳ್ಳುತ್ತಿದ್ದಾರೆ. ಅವರು ವಿಜಾಪುರದ ಕಡೆಯವರು. ಸಾಹೇಬರು ಕೇಳಿದ್ದಕ್ಕೆ ನಾನು ಹೇಳುವುದು ಹೀಗಿದೆ.

ನಿನ್ನೆಯಿಂದ ನನ್ನ ಗಂಡ ಸುಜನ್ ಅವರನ್ನು ಈ ಠಾಣೆಯಲ್ಲಿ ಕೂರಿಸಿದ್ದಾರೆ. ಮಲಂಗಗಡ ರಸ್ತೆಯ ಕ್ವಾರಿಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತು ಎಂದು ಸಾಹೇಬರ ಅನುಮಾನ. ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ನಾನು.

ನಮ್ಮ ಮದುವೆ ಕಳೆದ ನವೆಂಬರ್‌ನಲ್ಲಿ ಆಯಿತು. ಸುಜನ್‌ಗೆ ಹಳೆಯ ಜೀಪುಗಳ ಹುಚ್ಚು. ನಿಶ್ಚಿತಾರ್ಥವಾದ ಮೇಲೆ ಫೋನಿನಲ್ಲಿ ನನ್ನ ಬಗ್ಗೆ ಕೇಳಿದ್ದಕ್ಕಿಂತ ಜೀಪಿನ ಬಗ್ಗೆ ಹೇಳಿದ್ದೇ ಜಾಸ್ತಿ. ನನಗೆ ಅದೂ ಎಷ್ಟು ಇಷ್ಟವಾಗುತ್ತಿತ್ತೆಂದರೆ, ಫೋನ್ ಇಟ್ಟ ಮೇಲೂ ನಗುತ್ತಾ ಕೂತಿರುತ್ತಿದ್ದೆ. ಇದೆಲ್ಲ ಬೇಡ ಎಂದು ಸೈದಪ್ಪನವರು ಹೇಳಿದರು. ಬರೆಯಿರಿ, ಅವರು ಎಂಥವರೆಂದು ಸಾಹೇಬರಿಗೆ ಗೊತ್ತಾಗಲಿ ಎಂದೆ.

ಜೀಪಿನ ಬಾಡಿಯನ್ನು ಸುಜನ್ ಕಾಮೋಠೆಯಲ್ಲಿ ಒಬ್ಬರಿಂದ ಕೊಂಡಿದ್ದರು. ಚಾಸಿ, ಅಂದರೆ ಬಾಡಿ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟು, ವಿಠ್ಠಲವಾಡಿಯ ಒಂದು ಗುಜರಿಯಲ್ಲಿ ಸಿಕ್ಕಿತು. ಎರಡನ್ನೂ ಕೂಡಿಸಿದ್ದು ಅಲ್ಲಿಯೇ ಗ್ಯಾರೇಜ್ ಇಟ್ಟಿರುವ ಬಾಗಿ ಎಂಬವರು. ನಾನು ಪ್ರತಿ ಭಾನುವಾರ ಟಿಫಿನ್ ಹಿಡಿದುಕೊಂಡು ಸುಜನ್ ಜೊತೆ ಹೋಗುತ್ತಿದ್ದೆ.

ಬಾಡಿಯನ್ನು ಎತ್ತಿ ಚಾಸಿಯ ಮೇಲೆ ಇಳಿಸಿದ ದಿನ ಬೋಲ್ಟಿನ ಒಂದು ತೂತೂ ಕೂಡಲಿಲ್ಲ. ಬಾಡಿ ಚಾಸಿಗಿಂತ ನಾಲ್ಕು ಬೆರಳು ಉದ್ದವಿತ್ತು. ಚಾಸಿ ಹಳೆಯ ಮಿಲಿಟರಿ ಜೀಪಿನದು. ಅದಕ್ಕೆ ಸ್ಟೇರಿಂಗ್ ಎಡಗಡೆ, ಬಾಡಿಗೆ ಬಲಗಡೆ. ಬಾಗಿಯವರು ಹೊಸ ಪಟ್ಟಿ ವೆಲ್ಡ್ ಮಾಡಿ, ಸ್ಟೇರಿಂಗನ್ನೂ ಪೆಡಲ್‌ಗಳನ್ನೂ ಬಲಕ್ಕೆ ತಂದರು. ಮೊದಲು ಡ್ರೈವರ್ ಕೂರುತ್ತಿದ್ದ ಎಡಗಡೆ ನನ್ನ ಸೀಟಾಯಿತು.

ಆಮೇಲೆ ಜೀಪು ಎಡಕ್ಕೆ ವಾಲಿ ನಿಂತಿತು. ಸ್ಪ್ರಿಂಗ್ ಬದಲಾಯಿಸಿದರು, ಅಡಿಗೆ ರಬ್ಬರ್ ಕೊಟ್ಟು ಎತ್ತಿದರು. ಮರುದಿನ ನೋಡಿದರೆ ಮತ್ತೆ ಅಷ್ಟೇ ವಾಲಿರುತ್ತಿತ್ತು. ಚಾಸಿ ಸೊಟ್ಟಗಾಗಿರಬೇಕೆಂದು ಬಾಗಿಯವರು ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರು. ನೇರವಾಗಿಯೇ ಇತ್ತು. ಉಡುಪಿ ಹುಡುಗಿಯ ಭಾರ ಅದಕ್ಕೆ ಮೊದಲೇ ತಿಳಿದುಬಿಟ್ಟಿದೆ ಎಂದು ಸುಜನ್ ತಮಾಷೆ ಮಾಡಿದರು. ನಾನೂ ನಕ್ಕೆ. ಆಗ ಆ ಸೀಟಿನಲ್ಲಿ ಯಾರೂ ಕುಳಿತಿರಲಿಲ್ಲ.

ದಿನಾಂಕ 5-2-2012, ಭಾನುವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಜೀಪನ್ನು ಮನೆಗೆ ತರಲು ಗ್ಯಾರೇಜಿನಿಂದ ಹೊರಟೆವು. ಹೊರಟ ಕೂಡಲೇ ನನ್ನ ಕೈಗಳು ಮಡಿಲಲ್ಲಿ ನಿಲ್ಲಲಿಲ್ಲ. ಏನನ್ನೋ ಹಿಡಿಯಲು ಮುಂದೆ ಹೋಗುತ್ತಿದ್ದವು. ಸುಜನ್ ಗೇರ್ ಬದಲಿಸುವ ಮೊದಲೇ ನನ್ನ ಎಡಗಾಲು ಕ್ಲಚ್ ಒತ್ತುವಂತೆ ನೆಲದ ತಗಡನ್ನು ಒತ್ತಿರುತ್ತಿತ್ತು. ನನಗೆ ಸೈಕಲ್ ಬಿಟ್ಟರೆ ಏನನ್ನೂ ಓಡಿಸಲು ಬರುವುದಿಲ್ಲ.

ಕಲ್ಯಾಣದ ಹತ್ತಿರ ಮಲಂಗಗಡದ ಕಡೆ ತಿರುಗಿಸಿ ಎಂದೆ. ಇನ್ನೂ ಸುತ್ತಾಡುವ ಆಸೆ ನನಗೆ ಎಂದುಕೊಂಡು ಅವರು ಖುಷಿಯಿಂದ ತಿರುಗಿಸಿದರು. ಆ ರಸ್ತೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ಜಲ್ಲಿ ಕ್ರಷರ್ ಬರುತ್ತದೆ, ಅದನ್ನು ದಾಟಿ ಹಂಚಿನ ಮನೆಯ ಮುಂದೆ ನಿಲ್ಲಿಸಿ ಎಂದೆ. ಕ್ರಷರ್ ಬಂತು. ಮನೆಯೂ ಬಂತು.

ಅಂಗಳದಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವರ ಹೆಸರು ಸತ್ಯಮ್ಮ ಎಂದು ಆಮೇಲೆ ತಿಳಿಯಿತು. ಎಂಜಿನ್ ಸದ್ದಿಗೆ ಎದ್ದು, ಸ್ಟೇರಿಂಗ್ ಹಿಡಿದಿದ್ದ ಸುಜನ್ ಅವರನ್ನು ದಾಟಿ, ಸುತ್ತಿಕೊಂಡು ನನ್ನ ಕಡೆಗೆ ಬಂದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದರು:

"ಎಲ್ಲಿದ್ರಿ, ರೀ? ಇಷ್ಟ್ ವರ್ಷ ಎಲ್ಲಿದ್ರಿ?"

ನನ್ನ ಅಜ್ಜಿಯ ವಯಸ್ಸಿನವರು ನನ್ನನ್ನು ಹಾಗೆ ಕೇಳಿದರು. ಅದು ಗಂಡನನ್ನು ಕೇಳುವ ರೀತಿ. ನಾನು ಬಾಯಿ ತೆರೆದದ್ದು ತಾವು ಯಾರು ಎಂದು ಕೇಳಲು. ಬಂದ ಮಾತು ಬೇರೆ.

"ಇಲ್ಲೇ ಅದೀನಿ. ಕ್ವಾರಿ ನೀರಾಗ ಅದೀನಿ."

ನಮ್ಮ ಮನೆಯಲ್ಲಿ ತುಳು. ಶಾಲೆಯಲ್ಲಿ ಇಂಗ್ಲಿಷ್. 'ಅದೀನಿ' ಎಂಬ ಪದವನ್ನು ನಾನು ಹುಟ್ಟಿದ ಮೇಲೆ ಆಡಿದ್ದಿಲ್ಲ. ಹೇಳಿಕೆ ಇಲ್ಲಿಗೆ ಬಂದಾಗ ಸೈದಪ್ಪನವರು ಬರೆಯುವುದನ್ನು ನಿಲ್ಲಿಸಿ, ಇನ್ನೊಮ್ಮೆ ಅಂದು ತೋರಿಸು ತಂಗಿ ಎಂದರು. ಪ್ರಯತ್ನಿಸಿದೆ. ಹಾಗೆ ಅನ್ನಲು ನನಗೆ ಬರಲಿಲ್ಲ.

ಸುಜನ್ ಅವರು ಗಾಬರಿಯಾಗಿ ನನ್ನ ಭುಜ ಹಿಡಿದು ಏನು ಮಾತಾಡುತ್ತಿದ್ದೀ ಎಂದು ಕೇಳಿದರು. ಸತ್ಯಮ್ಮನವರು ಅಲ್ಲೇ ನೆಲದಲ್ಲಿ ಕುಳಿತರು. ವಿಜಾಪುರದ ಕಡೆಯವರಾದ ತಮ್ಮ ಯಜಮಾನರು ಮಹಾದೇವಪ್ಪ 1998ರಲ್ಲಿ ಎಡಗಡೆ ಸ್ಟೇರಿಂಗಿನ ಜೀಪಿನಲ್ಲಿ ಹೋದವರು ತಿರುಗಿ ಬಂದಿಲ್ಲವೆಂದೂ, ಯಾರನ್ನೋ ಕಟ್ಟಿಕೊಂಡು ಓಡಿಹೋದರೆಂದು ಜನ ಆಡಿಕೊಂಡರೆಂದೂ ಹೇಳಿದರು. ಕ್ರಷರ್ ಹಿಂದೆ ನೀರು ತುಂಬಿದ ಹಳೆಯ ಕ್ವಾರಿ ಇದೆ ಎಂದು ನಮಗೆ ತೋರಿಸಿದ್ದೂ ಅವರೇ. ಮರುದಿನ ಅವರು ದೂರು ಕೊಟ್ಟರು.

ಬುಧವಾರ ಆ ನೀರಿನಿಂದ ಚಾಸಿ ಇಲ್ಲದ ಒಂದು ಜೀಪಿನ ಬಾಡಿಯನ್ನೂ ಅದರೊಳಗಿದ್ದ ಮನುಷ್ಯನ ಮೂಳೆಗಳನ್ನೂ ತೆಗೆದರು. ಪೊಲೀಸರು ಬಾಗಿಯವರನ್ನು ಕರೆಸಿ ಅಳೆಸಿದರು. ನಮ್ಮ ಚಾಸಿಯ ಹಳೆಯ ತೂತುಗಳಿಗೆ ಆ ಬಾಡಿಯ ತೂತುಗಳು ಒಂದೂ ತಪ್ಪದೆ ಕೂಡಿದವು.

ಮಹಾದೇವಪ್ಪನವರನ್ನು ನೀರಿಗೆ ಹಾಕಿದವರು ಯಾರು ಎಂದು ಸಾಹೇಬರು ಕೇಳುತ್ತಾರೆ. ಗುಜರಿಯವನು ಅಂಗಡಿ ಮುಚ್ಚಿ ಹೋಗಿದ್ದಾನೆ. ಸುಜನ್‌ಗೆ ಗೊತ್ತಿಲ್ಲ. ಅವರು ಆಗ ಶಾಲೆಯ ಹುಡುಗ. ನನಗೂ ಗೊತ್ತಿಲ್ಲ.

ಆದರೆ ಜೀಪು ಇದೇ ಠಾಣೆಯ ಅಂಗಳದಲ್ಲಿದೆ. ನನಗೆ ಅದರ ಹತ್ತಿರ ಹೋಗಲು ಹೆದರಿಕೆ. ನನ್ನ ಗಂಡನನ್ನು ಬಿಡುವುದಾದರೆ ಇನ್ನೊಂದು ಸಲ ಆ ಸೀಟಿನಲ್ಲಿ ಕೂರುತ್ತೇನೆ. ಪ್ರಶ್ನೆಯನ್ನು ಸೈದಪ್ಪನವರು ತಮ್ಮ ಕಡೆಯ ಕನ್ನಡದಲ್ಲಿ ಕೇಳಲಿ. ಉತ್ತರ ಬಂದ ಕೂಡಲೇ ನನ್ನನ್ನು ಹೆಸರು ಹಿಡಿದು ಕರೆಯಲು ಸುಜನ್ ಪಕ್ಕದಲ್ಲೇ ಇರಬೇಕು. ಇದನ್ನು ಸಾಹೇಬರಿಗೆ ಮರಾಠಿಯಲ್ಲಿ ಹೇಳುವ ಮೊದಲು ಸೈದಪ್ಪನವರು, ವಿಚಾರ ಮಾಡಿ ಹೇಳುತ್ತಿದ್ದೀಯಾ ಎಂದು ಕೇಳಿದರು. ಹೌದು ಎಂದೆ.

ಬರೆದದ್ದನ್ನು ನನಗೆ ಓದಿ ಹೇಳಿದರು, ಕೇಳಿದೆ. ಸತ್ಯಮ್ಮನವರಿಗೆ ಕೊಟ್ಟ ಉತ್ತರವೊಂದನ್ನು ಬಿಟ್ಟು ಇದರಲ್ಲಿ ನಾನು ಆಡಿದ ಮಾತೆಲ್ಲ ನನ್ನದೇ, ಎಲ್ಲವೂ ನಿಜ.

ಸ್ಥಳ: ಕಲ್ಯಾಣ
ದಿನಾಂಕ: 10-2-2012

(ಸಹಿ)
ಪ್ರಣೀತಾ ಸುಜನ್ ಉಪಾಧ್ಯ