ಎದಿಗೆ ಜಾಳಗಿ, ಕೈಗೆ ಬಳಿ

ಈ ಸಭೆಯ ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ, ದವಾಖಾನಿ ಕಮಿಟಿಯ ಮಾನ್ಯ ನಜಮೋದ್ದೀನ ಸಾಹೇಬರೇ, ಭಾಲ್ಕಿಯಿಂದ ಮುಖ್ಯ ಅತಿಥಿಗಳಾಗಿ ದಯಮಾಡಿಸಿರುವ ವೈಜಿನಾಥ ಸಾಹುಕಾರರೇ, ಇಂದು ನಮ್ಮೆಲ್ಲರಿಂದ ಬೀಳ್ಕೊಡುಗೆ ಪಡೆಯುತ್ತಿರುವ ಹೃದಯದ ವೈದ್ಯರಾದ ಡಾಕ್ಟರ್ ಹಾವಗೆಪ್ಪ ಸಾಹೇಬರೇ, ನರ್ಸಬಾಯಿಗಳೇ, ಎದೆಯೊಳಗೆ ಜಾಳಿಗೆ ಇಡಿಸಿಕೊಂಡವರೇ, ಇಡಿಸಿಕೊಳ್ಳಲು ಸರದಿ ಕಾಯುತ್ತಿರುವವರೇ, ಮತ್ತು ಬರೀ ಊಟದ ಸಲುವಾಗಿ ಬಂದಿರುವ ಸಮಸ್ತ ಸಭಿಕರೇ.

ಇಷ್ಟು ಪುಸ್ತಕದ ಮಾತು ನಮ್ಮ ಸೊಸಿ ಬಾಯಿಪಾಠ ಮಾಡಿಸಿ ಕಳಿಸ್ಯಾಳ್ರಿ. ಊಟದ ಮಾತು ಮಾತ್ರ ನಂದು. ಇನ್ನ ಮುಂದಿಂದೂ ನಂದೇ.

ನಾ ಸಂತಪುರದ ಶೇವಂತಾಬಾಯಿ. ನಮ್ಮೂರ ಮಹಿಳಾ ಸಂಘದ ಅಧ್ಯಕ್ಷಿ ಇದ್ದೇನಿ, ಅದಕ್ಕ ಮೈಕ್ ಅಂದ್ರ ಅಂಜಿಕಿ ಇಲ್ರಿ. ನಮ್ಮ ಮಾಲಕರು ಅಗೋ ಹಿಂದಿನ ಸಾಲಿನ್ಯಾಗ, ಕಂಬದ ಮರಿಗೆ ಕುಂತಾರ. ಗಂಡನ ಹೆಸರು ಬಾಯಿಲೆ ಹೇಳಬಾರದು. ಆಧಾರ ಕಾರ್ಡಿನ್ಯಾಗ ಮಚ್ಛೇಂದ್ರ ಅಂತ ಬರದಾರ, ಅದನ್ನ ನಾ ಓದಿ ಹೇಳಿದೆ ಅಷ್ಟೇ. ಆ ಮನುಷ್ಯಾ ಒಂದ ಕೆಲಸ ಟೈಮಿಗೆ ಮಾಡಿಲ್ಲ. ಯಾವ ಲಗ್ನಕ್ಕ ಹೋದ್ರೂ ಅಕ್ಷತಾ ಬಿದ್ದ ಮ್ಯಾಲೇ ಮುಟ್ಟತಾರ. ನಮ್ಮ ಸ್ವಂತ ಲಗ್ನಕ್ಕೂ ತಡಾ ಮಾಡಿ ಬಂದಿದ್ರು. ಇರಲಿ, ಇವತ್ತು ಅವರ ಮಾತಲ್ಲ, ಡಾಕ್ಟರ್ ಸಾಹೇಬರ ಮಾತು.

ಕಾರಂಜಾ ಡ್ಯಾಮಿನ ತಳ ಕಂಡ ಆ ವರ್ಷ ನೆನಪದ ಅಲ್ರಿ ಎಲ್ಲಾರಿಗೂ? ಟ್ಯಾಂಕರ್ ಬಂದ ದಿನಾನೇ ಹಬ್ಬ. ಔರಾದ, ಭಾಲ್ಕಿ ಕಡಿ ಊರೂರೇ ಖಾಲಿ ಆಗಿದ್ವು. ಯಾರು ಹೈದ್ರಾಬಾದಿಗೆ, ಯಾರು ಪುಣೆಕ್ಕ. ನಮ್ಮ ಮಾಲಕರೂ ಊರ ಮಂದಿ ಕೂಡ ಹೈದ್ರಾಬಾದಿಗೆ ಗುಳೆ ಹೊಂಟ್ರು, ದೊಡ್ಡ ಬಿಲ್ಡಿಂಗಿನ ಸ್ಲ್ಯಾಬ್ ಹಾಕೋ ಕೆಲಸಕ್ಕ. ನಮ್ಮ ಕಡಿ ಒಂದ ಪದ್ಧತಿ ಅದ. ಗಂಡ ಗುಳೆ ಹೊಂಟ ದಿನ ಹೆಂಡ್ತಿ ಕೈತುಂಬ ಹಸರ ಬಳಿ ಇಡಿಸಿಕೋಬೇಕು. ಅವ ತಿರುಗಿ ಬಂದು ಹೊಸ್ತಿಲಾ ದಾಟೋತನಕ ತಗಿಬಾರದು. ತಗದ್ರ ಅಲ್ಲಿ ಅವನ ಜೀವಕ್ಕ ಕೇಡು ಅಂತ.

ನಮ್ಮೂರ ಬಳಿಗಾರ್ತಿ ಮರಿಯಮಬೀ ನನಗ ಬಳಿ ಇಟ್ಟಳು. ಆಕಿ ಕೈ ಅಂದ್ರ ಕೈ. ಹಿಡಿ ಹಿಸುಕಿ, ನನ್ನ ಅಳತಿಗಿಂತ ಸಣ್ಣ ಬಳಿ ಏರಿಸಿ ಬಿಡ್ತಾಳ. ಮ್ಯಾಲ ಸರಿಯಂಗಿಲ್ಲ, ಕೆಳಗ ಇಳಿಯಂಗಿಲ್ಲ. ಮರಿಯಮಬೀದೂ ಒಂದ ಪದ್ಧತಿ ಅದ್ರಿ, ಇದನ್ನ ಸಭಿಕರು ಸ್ವಲ್ಪ ನೆನಪಿಟ್ಕೋಬೇಕು. ಹಳೀ ಬಳಿ ಇಳಿಸಿ ಹೊಸಾವು ಇಟ್ಟು, ಇಡಿಸಿಕೊಂಡಾಕಿ ಬಳಿ ಇಟ್ಟವರಿಗೆ ನಮಸ್ಕಾರ ಮಾಡೋತನಕ ಆಕಿ ಕುಂತ ಜಾಗಾದಿಂದ ಏಳಂಗಿಲ್ಲ. ಮಳಿ ಬರಲಿ, ಗಿರಾಕಿ ಕೂಗಲಿ, ಏಳಂಗಿಲ್ಲ. ನಮಸ್ಕಾರ ಆದ್ರೇ ಕೆಲಸ ಮುಗೀತು.

ಒಂದಿನ ಟ್ಯಾಂಕರಿನ ಪಾಳಿಯಾಗ ನಿಂತಾಗ ಎದಿ ಹಿಡಕೊಂಡಿತು. ಗ್ಯಾಸ್ ಅಂತ ಓಮಿನ ನೀರು ಕುಡದೆ. ನಮ್ಮ ಕಡಿ ಎದಿ ಒಡಕೊಂಡ್ರೂ ಗ್ಯಾಸೇ ಅಲ್ರಿ? ಎಡಗೈ ಜಗ್ಗಲಾಕತ್ತು, ಮೈ ಎಲ್ಲಾ ಬೆವರು. ಬಾಜೂಕ ಕುಂತ ಮರಿಯಮಬೀ ನನ್ನ ಮಾರಿ ನೋಡಿದ್ಳು, ಬಳಿ ಬುಟ್ಟಿ ಬಗಲಾಗ ಇಟ್ಕೊಂಡ್ಳು, ಎದುರ ಬಂದ ಜೀಪಿಗೆ ಅಡ್ಡ ನಿಂತ್ಳು. ಆ ಜೀಪು ಔರಾದಿಗೆ ಹೊಂಟಿತ್ತು, ಹಂಗಾಗಿ ಔರಾದಿಗೇ ಹೋದ್ವಿ. ಅಲ್ಲಿ ಎದಿಗೆ ವಾಯರ್ ಹಚ್ಚಿ ಇಸಿಜಿ ಪಟ್ಟಿ ತಗದು, ಗುಳಿಗಿ ನುಂಗಿಸಿ, ಈಗಿಂದೀಗ ಬೀದರಿಗೆ ಒಯ್ರಿ ಅಂದ್ರು. ಅಂಬುಲೆನ್ಸ್ ಹೊಳ್ಳಿ ಸಂತಪುರದ ಮ್ಯಾಲೇ ಬಂತು. ಕಿಡಕಿಯಾಗಿಂದ ನೋಡಿದ್ರ ನನ್ನ ಕೊಡ ಇನ್ನೂ ಪಾಳಿಯಾಗೇ ಇತ್ತು. ಇಷ್ಟು ಸಂಕಟದಾಗೂ ನನಗ ಕೊಡದ್ದೇ ಫಿಕರ್ ಆಯ್ತು ನೋಡ್ರಿ.

ಇಲ್ಲಿ ಬಂದ್ರ ಈ ಹಾವಗೆಪ್ಪ ಸಾಹೇಬರು. ಆಗ ಇನ್ನೂ ಹೊಸಬರು, ಮೀಸಿ ಸುದ್ದ ಸರಿಯಾಗಿ ಬಂದಿರಲಿಲ್ಲ. "ಅಕ್ಕಾ, ಎದಿಗೆ ರಕ್ತ ಒಯ್ಯೋ ನಾಳ ಒಂದು ಮುಚ್ಚೇದ. ತಡಾ ಆದಷ್ಟು ಎದಿ ಸಾಯ್ತದ. ಮಣಿಕಟ್ಟಿನಿಂದ ಸಣ್ಣ ತಂತಿ ಹಾಕಿ ತಗೀತೇನಿ" ಅಂದ್ರು. ಆಗಲಿ ಅಂದೆ. "ಬಳಿ ತಗೀರಿ" ಅಂದ್ರು. ಆಗಂಗಿಲ್ಲ ಅಂದೆ.

ಬಲಗೈಯಾಗ ತಂತಿ ಹೋಗಬೇಕು, ಎಡಗೈಗೆ ಸಲಾಯಿನ್ ಹಚ್ಚಬೇಕು, ಎರಡೂ ಕೈ ಖಾಲಿ ಆಗಬೇಕು ಅಂತ. ಗಂಡ ಊರಾಗಿಲ್ಲ, ಅವರ ಫೋನ್ ಬಂದ್. ಹ್ಯಾಂಗ ತಗೀಲಿ? ಸಾಹೇಬರು, "ತೊಡಿಯಿಂದಾನೂ ಹೋಗಬಹುದು, ಆದ್ರ..." ಅಂತ ಶುರು ಮಾಡಿದ್ರು. "ತಮ್ಮಾ, ನೀ ನನಗ ತಮ್ಮ ಇದ್ದಂಗ, ತೊಡಿ ಗಿಡಿ ಅನಬ್ಯಾಡ" ಅಂತ ಬೈದೆ. ಒಬ್ಬ ನರ್ಸಬಾಯಿ ಕತ್ತರಿ ತಂದ್ಳು. ಬಳಿ ಒಡೀತಾರ ಅಂತ ನಾ ಎರಡೂ ಕೈ ಬಗಲಾಗ ಒತ್ತಿ ಹಿಡಕೊಂಡೆ. ನಗಬ್ಯಾಡ್ರಿ. ಆವಾಗ ನನಗ ಖರೇನೇ ಅನಿಸಿತ್ತು, ನಾ ಸತ್ರ ಸಾಯಲಿ, ಕೈತುಂಬ ಬಳಿ ಇಟ್ಕೊಂಡು ಮುತ್ತೈದಿಯಾಗಿ ಸಾಯ್ತೇನಿ, ಆದ್ರ ನನ್ನ ಕೈಯಿಂದ ಅವರಿಗೆ ಕೇಡಾಗೋದು ಬ್ಯಾಡ ಅಂತ.

ಸಾಹೇಬರು ಗಡಿಯಾರ ನೋಡ್ತಾರ, ನನ್ನ ನೋಡ್ತಾರ. ಭಾಲ್ಕಿ ಮಂದಿ, ಅವರಿಗೆ ಪದ್ಧತಿ ಗೊತ್ತಿಲ್ಲಂತಲ್ಲ. "ನಮ್ಮವ್ವನೂ ಹಿಂಗೇ ಹಟಾ ಮಾಡ್ತಿದ್ಳು" ಅಂತ ತಲಿ ಹಿಡಕೊಂಡ್ರು. ಅವಾಗ ಬಾಗಿಲದಾಗ ನಿಂತ ಮರಿಯಮಬೀ ಬುಟ್ಟಿ ಕೆಳಗಿಟ್ಟು ಕುಂತೇ ಬಿಟ್ಟಳು. "ಶೇವಂತಾ, ಬಳಿ ಯಾರು ತಗೀತಾರ? ನಾ ಹೊಸಾ ಬಳಿ ಇಡ್ಲಾಕ ಬಂದೀನಿ. ಹಳೀವು ಇಳಿಸದ ಹೊಸಾವು ಹ್ಯಾಂಗ ಇಡ್ಲಿ? ನಡುವ ಕೈ ಬರಿದಾದ್ರ ಅದಕ್ಕ ಯಾರರೆ ಬರಿಗೈ ಅಂತಾರೇನು? ಬಳಿ ಇಡೋದು ನಡೆದದ ಅಂತಾರ. ಸಾಹೇಬ್, ನಾ ಹಳೀವು ಇಳಸ್ತೀನಿ, ಆಮ್ಯಾಲ ಹೊಸಾವು ಇಡ್ತೀನಿ. ನಡುವ ನೀವು ನಿಮ್ಮ ಕೆಲಸ ಮಾಡ್ಕೋರಿ" ಅಂದ್ಳು.

ಸಾಹೇಬರು ನಕ್ಕರು. "ಜಲ್ದಿ ಮಾಡ್ರಿ ಅವ್ವಾ" ಅಂತ ತಾವೇ ಸಾಬಾಣ ತಂದು ಕೊಟ್ರು. ಒಂದೂ ಬಳಿ ಒಡೀದಂಗ ಇಳಿಸಿ ಬುಟ್ಟಿಯಾಗ ಹಾಕ್ಕೊಂಡ್ಳು. ನನ್ನ ಒಳಗ ಒಯ್ದ್ರು. ಆಕಿ ಬಾಗಿಲ ಮುಂದ ಕುಂತಿದ್ದು ಕುಂತೇ ಇದ್ದಳು.

ಒಳಗ ಏನಾಯ್ತು ಅಂತ ಕೇಳ್ತೀರಿ, ಹೇಳ್ತೇನಿ. ಅಂಜಿ ಮನಿಯಾಗ ಕುಂತವರ ಸಲುವಾಗಿ ಹೇಳ್ತೇನಿ. ಮಣಿಕಟ್ಟಿಗೆ ಒಂದ ಇರಿವಿ ಕಡದಂಗ ಸೂಜಿ, ಅಷ್ಟೇ. ಮೈಮ್ಯಾಲ ಎಚ್ಚರ ಇರ್ತದ. ಬಾಜೂಕ ಟೀವಿಯಾಗ ನನ್ನ ಎದಿ ಬಡಕೊಳ್ಳೋದು ನಾನೇ ನೋಡಿದೆ. ಔಷಧ ಬಿಟ್ಟರು, ಒಳಗ ಬೆಚ್ಚಗಾಯ್ತು, ನಾಳ ಎಲ್ಲಾ ಕರ್ರಗ ಟೊಂಗಿ ಟೊಂಗಿ ಆಗಿ ಕಂಡ್ವು. ಒಂದ ಟೊಂಗಿ ಅರ್ಧಕ್ಕೇ ನಿಂತಿತ್ತು. "ಅಕ್ಕಾ, ನೌಬಾದಿನ ಸುರಂಗ ಬಾವಿಯಾಗ ಈಗ ಹೂಳು ತಗೀಲಾಕತ್ತಾರಲ್ಲ, ಅದೇ ಕೆಲಸ ನಂದೂ" ಅಂದ್ರು ಸಾಹೇಬರು. ಕೂದಲದಂಥ ತಂತಿ ಆ ಮುಚ್ಚಿದ ಜಾಗಾ ದಾಟಿ ಹೋಯ್ತು. ಅದರ ಮ್ಯಾಲ ಒಂದ ಸಣ್ಣ ಫುಗ್ಗಾ, ಫುಗ್ಗಾದ ಮ್ಯಾಲ ಮಡಿಚಿದ ಜಾಳಗಿ, ಸ್ಟೆಂಟ್ ಅಂತಾರಲ್ಲ ಅದು. ಫುಗ್ಗಾ ಉಬ್ಬಿಸಿದ್ರ ಜಾಳಗಿ ಅರಳಿ ನಾಳದ ಗ್ವಾಡಿಗೆ ಕಚ್ಚಿ ಕುಂತಿತು. ಫುಗ್ಗಾ ಹೊರಗ ಬಂತು, ಜಾಳಗಿ ಅಲ್ಲೇ ಉಳೀತು. ನಿಂತ ಟೊಂಗಿ ತುದಿತನಕ ತುಂಬಿ ಹರೀತು, ಎದಿ ಮ್ಯಾಲಿನ ಕಲ್ಲು ಯಾರೋ ಇಳಿಸಿದಂಗ ಆಯ್ತು. ಆ ಬರಗಾಲದಾಗ ಹರಿಯೋದು ನಾ ಕಂಡಿದ್ದು ಅದೊಂದೇ ರೀ.

ತಂತಿ ತಗದ ಮ್ಯಾಲ ರಕ್ತ ಸೋರಬಾರದಂತ ಸಾಹೇಬರು ಮಣಿಕಟ್ಟಿಗೆ ಒಂದ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರಾಗ ಗಾಳಿ ತುಂಬಿದ್ರು. ಗಾಜಿನ ಹಂಗ, ಒಳಗಿನ ಚರ್ಮ ಕಾಣ್ತದ. "ಅಕ್ಕಾ, ಒಂದ ಬಳಿ ನಾ ಇಟ್ಟೀನಿ, ಉಳಿದಾವು ನಿಮ್ಮ ಮರಿಯಮಬೀ ಇಡ್ಲಿ" ಅಂದ್ರು. ಕೈ ಅಲ್ಲಾಡಿಸಬ್ಯಾಡ್ರಿ ಅಂದಿದ್ರು, ಅದಕ್ಕ ನಮಸ್ಕಾರ ಮಾಡ್ಲಿಲ್ಲ. ಈ ಮಾತೂ ನೆನಪಿಟ್ಕೋರಿ.

ಆದ್ರ ಇಷ್ಟಕ್ಕ ಮುಗೀಲಿಲ್ರಿ. ನನ್ನ ನಾದಿನಿ ಕೇಶರಬಾಯಿ ಇಲ್ಲೇ ಬಾಜೂಕಿನ ಅಷ್ಟೂರಿಗೆ ಕೊಟ್ಟಾಕಿ, ಅಗೋ ಮುಂದೇ ಕುಂತಾಳ. ಒಳ್ಳೆ ಹೆಣ್ಣುಮಗಳು, ಕಾಲು ಚುರುಕು, ಬಾಯಿ ಅದಕ್ಕಿಂತ ಚುರುಕು. ನನಗ ಹಿಂಗಾಗೇದ ಅಂತ ಕೇಳಿ ಓಡಿ ಬಂದಾಳ. ಸರಿಯಾಗಿ ನನ್ನ ಒಳಗ ಒಯ್ಯೋ ವ್ಯಾಳಿಗೆ ಬಂದಾಳ. ಏನು ನೋಡ್ಯಾಳ? ಬಾಗಿಲದ ಗಾಜಿನ್ಯಾಗಿಂದ ನನ್ನ ಎರಡೂ ಬರಿಗೈ. ಹೊರಗ ಬುಟ್ಟಿಯಾಗ ಇಳಿಸಿದ ಹಸರ ಬಳಿ. ಅಣ್ಣನ ಫೋನ್ ಹಚ್ಚಿದ್ರ ಬಂದ್. ಯಾರನ್ನರೆ ಒಂದ ಮಾತು ಕೇಳಬೇಕಲ್ರಿ? ಕೇಳಲಿಲ್ಲ. ಹೈದ್ರಾಬಾದಿನಿಂದ ಅಣ್ಣ ಸತ್ತ ಖಬರ್ ಬಂದದ, ಅದನ್ನ ಕೇಳೇ ವೈನಿ ಎದಿ ಹಿಡಕೊಂಡು ಬಿದ್ದಾಳ, ಇಲ್ಲೇ ಬಳಿ ತಗದಾರ, ಅಂತ ಆಕಿ ತಲಿಯಾಗ ಎಲ್ಲಾ ಹೊಂದಿಕೊಂಡು ಬಿಡ್ತು. ಅಳಕೋತ ಸಂತಪುರದ ಬಸ್ಸು ಹತ್ತಿದ್ಳು. ಸಂಜಿಗೆ ನಮ್ಮನಿ ಮುಂದ ಮಂದಿ ಕೂಡಿತು, ಹೆಣ ತರ್ಲಾಕ ಗಾಡಿ ಗೊತ್ತು ಮಾಡಿದ್ರು. ಟ್ಯಾಂಕರಿನ ಪಾಳಿ ಬಿಟ್ಟು ಬಂದು ಮಂದಿ ಅತ್ತಾರ್ರಿ. ನಮ್ಮ ಮಾಲಕರಿಗೆ ಇಷ್ಟು ಬೆಲೆ ಇತ್ತಂತ ನನಗೂ ಗೊತ್ತಿರಲಿಲ್ಲ.

ಮರುದಿನ ಮುಂಜಾನಿ ಪಟ್ಟಿ ತಗದು ಸಲಾಯಿನ್ ಬಿಚ್ಚಿದ್ರು. ಮರಿಯಮಬೀ ಖಾಟದ ಬಾಜೂಕ ಬುಟ್ಟಿ ಇಟ್ಕೊಂಡು, ನೋವಿದ್ದ ಕೈ ಬಿಟ್ಟು ಎಡಗೈಗೆ ಬಳಿ ಏರಿಸ್ಲಾಕ ಶುರು ಮಾಡಿದ್ಳು. ಅಷ್ಟರಾಗ ಕೇಶರಬಾಯಿ ಊರ ಹೆಂಗಸರನ್ನ ಕರಕೊಂಡು ಬಂದ್ಳು. ಬಂದಾಕಿ ಮರಿಯಮಬೀ ಕೈ ಹಿಡದ್ಳು. "ಸತ್ತವನ ಹೆಂಡ್ತಿಗೆ ಹಸರ ಬಳಿ ಇಡ್ಲಾಕತ್ತೀದಿ? ನಮ್ಮಣ್ಣನ ಹೆಣ ಇನ್ನೂ ಮನಿಗೆ ಬಂದಿಲ್ಲ" ಅಂತ ಎದಿ ಬಡಕೊಂಡ್ಳು.

ನನಗ ಹಿಂಗ ಗೊತ್ತಾಯ್ತು ರೀ.

ಏನು ಹೇಳಲಿ. ನಾ ಬಳಿ ತಗದೆ, ಅವರು ಹೋದ್ರು. ಇದೊಂದೇ ತಲಿಯಾಗ ಬಂತು. ಸಾಹೇಬರು ಎದಿ ನಾಳ ತಗದು ನೀರು ಬಿಟ್ರು, ಅಲ್ಲಿ ನನ್ನ ಗಿಡಾನೇ ಒಣಗಿ ಹೋಯ್ತು ಅನಿಸಿತು. ತಡಾ ಮಾಡೋ ಮನುಷ್ಯಾ ಇದೊಂದಕ್ಕ ಯಾಕ ಇಷ್ಟು ಅವಸರ ಮಾಡಿದಾ ಅಂತ ಅತ್ತೆ. ಬಾಜೂಕಿನ ಮಶೀನ ಕುಂಯ್ ಕುಂಯ್ ಅಂತ ಹೊಡಕೊಳ್ಳಲಾಕತ್ತು, ಸಾಹೇಬರು ಓಡಿ ಬಂದ್ರು. ನಾ ಕೈ ಜಗ್ಗಿಕೊಂಡೆ. ಮರಿಯಮಬೀ ಬಿಡ್ಲಿಲ್ಲ. "ಕಣ್ಣಿಂದ ಯಾರು ನೋಡ್ಯಾರ? ನೋಡಿದವರನ್ನ ಕರಕೊಂಡು ಬರ್ರಿ. ನಾ ಅವನ ಜೊತಿಗಾರ ಕಾಶೀರಾಮಗ ನಿನ್ನೆ ಫೋನ್ ಹಚ್ಚಿ ಖಬರ್ ಕೊಟ್ಟೀನಿ, ನಿಮ್ಮಣ್ಣ ಬರ್ತಾನ. ನಾ ಕುಂತೀನಿ, ಮುಗಿಸದ ಏಳಂಗಿಲ್ಲ" ಅಂತ ಒಂದರ ಮ್ಯಾಲೊಂದು ಬಳಿ ಏರಿಸ್ಕೋತೇ ಹೋದ್ಳು. ಆಕಿ ಕಣ್ಣಾಗೂ ನೀರಿತ್ತು.

ಅವಾಗ ಬಾಗಿಲದಾಗ ಇವರು ಬಂದು ನಿಂತ್ರು. ಮೈ ಎಲ್ಲಾ ಸಿಮೆಂಟು, ಕೈಯಾಗ ಬಾಳಿಹಣ್ಣು. ಏನು ನೋಡ್ಯಾರ? ಖಾಟದ ಸುತ್ತ ಊರ ಹೆಂಗಸರು, ನಡುವ ತಂಗಿ ಎದಿ ಬಡಕೊಂಡು ಅಳ್ಲಾಕತ್ತಾಳ. ಹೆಂಡ್ತಿ ಹೋದ್ಳು ಅಂತ ತಿಳಕೊಂಡು ಅಲ್ಲೇ ಬಾಗಿಲದಾಗ ಕುಸದ್ರು. ಬಾಳಿಹಣ್ಣು ಬಿದ್ವು. ಕೇಶರಬಾಯಿ ಹೊಳ್ಳಿ ಅಣ್ಣನ್ನ ನೋಡಿದ್ಳು, ತಗದ ಬಾಯಿ ತಗದಂಗೇ ಉಳೀತು. ಸಾಹೇಬರು ನನ್ನ ಬಿಟ್ಟು ಅವರ ನಾಡಿ ಹಿಡಕೊಂಡು ಕುಂತ್ರು. ಒಂದ ರೂಮಿನ್ಯಾಗ ಇಬ್ಬರು ಸತ್ತವರು ಒಬ್ಬರಿಗೊಬ್ಬರು ನೋಡ್ಕೋತ ಅತ್ತಿದ್ದು ಈ ದವಾಖಾನಿಯಾಗ ಅದೇ ಮೊದಲು ಇರಬೇಕು.

"ಫೋನ್ ಎಲ್ಲಿ ಹಾಕಿದ್ರಿ?" ಅಂತ ಕೇಳಿದೆ. ಸ್ಲ್ಯಾಬಿನ್ಯಾಗ ಬಿದ್ದು ಹೋಯ್ತು ಅಂದ್ರು. ಇವತ್ತಿಗೂ ಹೈದ್ರಾಬಾದಿನ ಯಾವುದೋ ಬಿಲ್ಡಿಂಗಿನ ಛತ್ತಿನ್ಯಾಗ ಅವರ ಫೋನ್ ಅದ. ಆಮ್ಯಾಲೂ ನಾಕ ವರ್ಷ ಗುಳೆ ಹೋದ್ರು. ದಿನಾ ಸಂಜಿಗೆ ಯಾರ ಫೋನಿಂದರೆ ಹಚ್ಚಿ "ಇದ್ದೇನಿ" ಅಂತಿದ್ರು, ಇಟ್ಟು ಬಿಡ್ತಿದ್ರು. ಆ ಒಂದ ಮಾತಿನ ಸಲುವಾಗಿ ನಾ ಮಧ್ಯಾಹ್ನದಿಂದಾನೇ ಫೋನ್ ಮಡಲಾಗ ಇಟ್ಕೊಂಡು ಕೂಡತಿದ್ದೆ. ಇದನ್ನ ಯಾಕ ಹೇಳಿದೆನೋ, ಅವರು ಕೇಳಿದ್ರೇನೋ. ಇರಲಿ ಬಿಡ್ರಿ.

ಅವತ್ತು ಬಳಿ ಮುಗಿದ ಮ್ಯಾಲ ಮರಿಯಮಬೀಗೆ ನಮಸ್ಕಾರ ಮಾಡಿದೆ. ಆಕಿ ಎದ್ದಳು, ಮನಿಗೆ ಹೋದ್ಳು. ಈಗ ಆಕಿಗೆ ಕಣ್ಣು ಕಾಣಂಗಿಲ್ಲ, ಆದ್ರೂ ನನ್ನ ಕೈ ಮುಟ್ಟಿ ಅಳತಿ ಹೇಳ್ತಾಳ.

ಈಗ ಡಾಕ್ಟರ್ ಸಾಹೇಬರ ಮಾತಿಗೆ ಬರ್ತೇನಿ. ಸಾಹೇಬರ, ನೀವೂ ಹೈದ್ರಾಬಾದಿಗೇ ಹೊಂಟೀರಂತ, ದೊಡ್ಡ ದವಾಖಾನಿಗೆ. ನನಗ ಒಂದ ತಿಳೀವಲ್ದು. ಈ ವರ್ಷ ಮಳಿ ಛಲೋ ಆಗೇದ, ಕಾರಂಜಾ ತುಂಬೇದ. ನೀವ್ಯಾಕ ಗುಳೆ ಹೊಂಟ್ರಿ? ಔರಾದಿನ ಹೆಂಗಸರು ಎದಿ ಹಿಡಕೊಂಡು ಬಂದ್ರ, ಅವರ ಹಟಾ ತಿಳಕೊಂಡು ಸಾಬಾಣ ತಂದು ಕೊಡೋರು ಯಾರು? ಸಿಟ್ಟಿಲೆ ಕೇಳ್ಲಾಕತ್ತಿಲ್ಲ. ಇಲ್ಲ, ಸಿಟ್ಟಿಲೇ ಕೇಳ್ಲಾಕತ್ತೀನಿ. ನನಗ ತವರಮನಿ ಇಲ್ಲ, ಬಳಿ ಇಡಸೋ ಅಣ್ಣತಮ್ಮರಿಲ್ಲ. ಬರಿದಾದ ಕೈಗೆ ಮೊದಲನೇ ಬಳಿ ಇಟ್ಟವರು ನೀವು, ಗಾಳಿದಾದ್ರೂ ಬಳಿನೇ. ಆ ಪಟ್ಟಿ ಕೇಳಿ ಇಸ್ಕೊಂಡೀನಿ, ನನ್ನ ಟ್ರಂಕಿನ್ಯಾಗ ಅದ. ಪಂಚಮಿಗೆ ಪ್ರತಿ ವರ್ಷ ನಿಮಗ ಉಂಡಿ ಕಳಸ್ತೀನಿ, ಯಾಕ ಅಂತ ನೀವು ಕೇಳಿಲ್ಲ, ನಾ ಹೇಳಿಲ್ಲ.

ಇನ್ನೊಂದೂ ನೀವು ಕೇಳಿಲ್ಲ. ವರ್ಷಾ ವರ್ಷಾ ತಪಾಸಣಿಗೆ ಬರ್ತೇನಿ, ಉಂಡಿ ಕೊಡ್ತೇನಿ, ಬೈತೇನಿ, ನಗ್ತೇನಿ, ಆದ್ರ ನಿಮಗ ಒಂದ ಸಲಾನೂ ಕೈ ಮುಗಿದಿಲ್ಲ. ಈ ಅಕ್ಕಗ ಸೊಕ್ಕು ಅಂತ ನರ್ಸಬಾಯಿಗಳು ಮಾತಾಡಿದ್ದು ನನಗ ಗೊತ್ತದ. ಸೊಕ್ಕಲ್ಲ. ಬಳಿ ಇಟ್ಟವರಿಗೆ ನಮಸ್ಕಾರ ಮಾಡಿದ್ರ ಕೆಲಸ ಮುಗೀತು, ಅವರು ಬುಟ್ಟಿ ಎತ್ತಿಕೊಂಡು ಎದ್ದು ಹೋಗ್ತಾರ. ನೀವು ಏಳೋದು ನನಗ ಬೇಕಾಗಿರಲಿಲ್ಲ.

ಇವತ್ತೂ ಬೇಕಾಗಿಲ್ಲ. ಹೋಗಿ ಬರ್ರಿ, ಅಲ್ಲಿ ಮಂದಿಗೂ ಎದಿ ಅದಾವ, ಆದ್ರ ನನ್ನ ಬಳಿ ಇನ್ನೂ ಮುಗಿದಿಲ್ಲ ಅನ್ನೋದು ನಿಮ್ಮ ಖ್ಯಾಲದಾಗ ಇರಲಿ. ಮಾತು ಲಂಬಾಯ್ತು, ಊಟ ತಣ್ಣಗಾಗ್ತದ. ಕರೆದು ಮಾತಾಡಿಸಿದ ಕಮಿಟಿಯವರಿಗೆ, ಕೂತು ಕೇಳಿದ ನಿಮಗೆಲ್ಲಾ ಭಾಳ ಉಪಕಾರ ಆಯ್ತು. ಅಧ್ಯಕ್ಷರಿಗೆ ನಮಸ್ಕಾರ, ವೈಜಿನಾಥ ಸಾಹುಕಾರ್ರಿಗೆ ನಮಸ್ಕಾರ, ನರ್ಸಬಾಯಿಗಳಿಗೆ ನಮಸ್ಕಾರ, ಕೇಶರಬಾಯಿಗೂ ನಮಸ್ಕಾರ, ಕಂಬದ ಮರಿಗೆ ಕಣ್ಣು ಒರಸ್ಕೊಳ್ಳಾಕತ್ತವರಿಗೂ ನಮಸ್ಕಾರ.

ಡಾಕ್ಟರ್ ಸಾಹೇಬರ, ನಿಮಗ ಮಾತ್ರ ಇಲ್ಲ.