ಶೀತಲ್ ಸಮುದ್ರ ನೋಡಿದ್ದು

ಇನ್ನಷ್ಟ ಹತ್ರ ಸರೀರಿ. ಇದನ್ನ ಜೋರಲೆ ಹೇಳಾಕ ಬರಂಗಿಲ್ಲ. ಬಾಜೂ ಮನ್ಯಾಗ ಸಾವಿತ್ರೆವ್ವ ಕಾಕು ಇನ್ನೂ ಎದ್ದಾಳ... ಆಕಿ ಕಿವಿಗೆ ಬೀಳಬಾರದು.

ಆಕಿ ಮಗಾ ಮಾಳು, ನನ್ನ ಕಾಕಾನ ಮಗಾ, ಅವಂದ ಮಾತಿದು. ಹ್ವಾದ ವರ್ಷ ಶ್ರಾವಣದಾಗ ಆದದ್ದು. ನಮ್ಮೂರು ಪಾಲಬಾವ್ಯಾಗಲ್ಲ, ಸಮುದ್ರದ ಆಚೆಕ, ಕ್ರೊಯೇಷಿಯಾ ಅನ್ನೂ ದೇಶದಾಗ. ಅಲ್ಲೂ ಬಾವಿ ಅದಾವಂತ. ಕಲ್ಲ ಹಾಸಿದ ಓಣಿ, ಓಣಿ ನಡುವ ಕಲ್ಲಿನ ಬಾವಿ, ಮ್ಯಾಲೆ ಕಬ್ಬಿಣದ ಜಾಳಗಿ. ಹೋಟೆಲ್ ಕೆಲಸ ಮುಗಿಸಿ ಮಾಳು ದಿನಾ ಅದರ ಮಗ್ಗಲಿಂದ ಖೋಲಿಗೆ ಬರತಿದ್ದ.

ಅವತ್ತ ರಾತ್ರಿ ಬಾವಿ ದಾಟಿದ. ಹಿಂದ ಸಪ್ಪಳ ಆತು.

ಟಿಣ್... ಟಿಣ್... ಟಿಣ್.

ಬೂಟಿನ ಸಪ್ಪಳ ಅಲ್ಲ. ಪ್ರವಾಸಿ ಮಂದಿ ಬ್ಯಾಗಿನ ಗಾಲಿ ಕಲ್ಲಿನ ಮ್ಯಾಲೆ ಗಡಗಡ ಅಂತಾವ, ಅದೂ ಅಲ್ಲ. ಬೆಳ್ಳಿ ಕಾಲುಂಗುರ ಕಲ್ಲಿಗೆ ತಾಗೂ ಸಪ್ಪಳ. ನಮ್ಮ ಮಣ್ಣಿನ ಹಾದ್ಯಾಗ ಅದು ಕೇಳಂಗಿಲ್ಲ. ಮಾಳು ಅದನ್ನ ಒಮ್ಮೆ ಕೇಳಿದ್ದ. ಲಗ್ನ ಆದ ಹೊಸದಾಗಿ ಗಂಡಾ ಹೆಂಡ್ತಿ ಕೊಕಟನೂರ ಎಲ್ಲಮ್ಮನ ಗುಡಿಗೆ ಹೋಗಿದ್ರು. ಆಗ ಹಾಸಗಲ್ಲಿನ ಮ್ಯಾಲೆ ಹಿಂದಹಿಂದ ಬರಾಕತ್ತಿದ್ದ ಶೀತಲ್‌ಳ ಕಾಲಂದ...

ತಡೀರಿ. ಅಂವ ಅಲ್ಲಿಗೆ ಹೆಂಗ ಹ್ವಾದ ಅನ್ನೂದು ಮದಲ ಹೇಳಬೇಕು.

ಅವರದು ಕುರಿ ಕಾಯೂ ಮನಿ. ಜಕ್ಕಪ್ಪ ಕಾಕಾ, ಅಂದ್ರ ಮಾಳುನ ಅಪ್ಪ, ಕುರಿ ಹೊಡ್ಕೊಂಡ ಹ್ವಾದ್ರ ತಿಂಗಳಗಟ್ಲೆ ಮನಿ ಕಾಣತಿರಲಿಲ್ಲ. ಮಾಳುಗ ಅದು ಒಗ್ಗಲಿಲ್ಲ. ಗೋವಾದಾಗ ಒಂದ ಹೋಟೆಲ್ ಸೇರಿದ. ಖೋಲಿ ಸಾಫ್ ಮಾಡೂದು, ಗಾದಿಗೆ ಚಾದರ ಎಳದ ಹಾಕೂದು. ಮಳಿಗಾಲದಾಗ ಗೋವಾಕ ಮಂದಿ ಕಮ್ಮಿ, ಮನಿಗೆ ಕಳಸತಿದ್ರು. ಅಲ್ಲಿ ಮ್ಯಾನೇಜರ್ ಒಮ್ಮೆ ಹೇಳಿದ, ‘ಇಲ್ಲಿ ಮಳಿ ಇದ್ದಾಗ ಕ್ರೊಯೇಷಿಯಾದಾಗ ಬ್ಯಾಸಗಿ. ಸಮುದ್ರದ ದಂಡಿ ಊರು, ಪ್ರವಾಸಿ ಮಂದಿ ಹಿಡಿಸಂಗಿಲ್ಲ. ಥಂಡಿ ಬಿತ್ತಂದ್ರ ಎಲ್ಲಾ ಬಂದ್. ಹೋಗ್ತೀಯೇನು?’

ಫೋನಿನ್ಯಾಗ ಇಂಟರ್‌ವ್ಯೂ ಆತು. ಮನ್ಯಾಗ ನೆಟ್ ಸಿಗಲಿಲ್ಲಂತ ಮಾಳು ಕುರಿ ಹಟ್ಟ್ಯಾಗ ನಿಂತಿದ್ದ. ಆ ಕಡೆ ಹೋಟೆಲ್ ಮೇಡಂ ಏನೋ ಕೇಳಾಕತ್ತಾಳ, ಇಂವ ಗೋವಾದಾಗ ಕಲ್ತ ಇಂಗ್ಲಿಷ್‌ನ್ಯಾಗ ಹೇಳಾಕತ್ತಾನ, ಹಿಂದ ಒಂದ ಮರಿ ಬ್ಯಾ... ಬ್ಯಾ... ಅಂತ ಒದರಾಕತ್ತೇತಿ. ಅದನ್ನ ಸುಮ್ಮನ ಮಾಡಾಕ ಶೀತಲ್ ಓಡಿ ಬಂದ್ಲು. ಮೇಡಂ ನಕ್ಕು ‘ಮರಿ ತೋರಸು’ ಅಂದ್ಲಂತ. ಶೀತಲ್ ಎತ್ತಿ ತೋರಿಸಿದ್ಲು. ಕೆಲಸಾ ಸಿಕ್ತು.

ಆದ್ರ ಒಂದ ಷರತ್ತ. ನಡುವ ಬಿಟ್ಟ ಹ್ವಾದವರನ್ನ ತಿರುಗಿ ಕರಿಯಂಗಿಲ್ಲ. ಸೀಜನ್ ಪೂರಾ ಮುಗಿಸಿದ್ರ ಬರೂ ವರ್ಷ ಹೆಂಡ್ತಿಗೂ ಲಾಂಡ್ರ್ಯಾಗ ಕೆಲಸಾ ಕೊಡ್ತೇವಿ ಅಂದಿದ್ರು. ಅವತ್ತಿಂದ ಶೀತಲ್ ರೊಟ್ಟಿ ಬಡಕೋತ ‘ಟಾವೆಲ್, ಪಿಲ್ಲೋ, ಗುಡ್ ಮಾರ್ನಿಂಗ್’ ಅನ್ನಾಕ ಶುರು ಮಾಡಿದ್ಲು. ನಾವೆಲ್ಲಾ ನಗತಿದ್ವಿ.

ಮಾಳು ಹ್ವಾದಮ್ಯಾಲೆ ಒಮ್ಮೆ ವಿಡಿಯೋದಾಗ ಶೀತಲ್‌ಗ ಸಮುದ್ರ ತೋರಿಸಿದ. ಆವಾಗ ನೋಡ್ರಿ, ನೆಟ್ ಗಪ್ಪ. ‘ಇದೇನ್ರಿ, ಫೋಟೋದಂಗ ನಿಂತ ಬಿಟ್ಟೇತಿ!’ ಅಂತ ಕಿಸಿಕಿಸಿ ನಕ್ಕಿದ್ಲು.

ಶ್ರಾವಣದಾಗ ಆಕಿಗೆ ಡೆಂಗಿ ಜ್ವರಾ ಬಂತು. ಮಾಳು ಫೋನ್ ಮಾಡಿದ್ರ ‘ನೆಗಡಿ ಆಗೇತ್ರಿ’ ಅಂತಿದ್ಲು. ಹಾರೂಗೇರಿ ದವಾಖಾನಿ ಆತು. ಅಲ್ಲಿಂದ ಮಿರಜಿಗೆ ಒಯ್ದ್ರು. ಮಾಳುಗ ಯಾರೂ ಹೇಳಲಿಲ್ಲ.

ಹೂಂ... ಆ ಬಾವಿ ಕಡೆ ಬರೂಣು.

ಮಾಳು ಹೊಳ್ಳಿ ನೋಡಿದ. ಶೀತಲ್ ನಿಂತಿದ್ಲು. ತೆಲಿ ಮ್ಯಾಲೆ ಸೆರಗ, ಬರಿಗಾಲ.

ಅಂವಗ ಹೆದರಿಕಿ ಬರಲಿಲ್ಲಂತ. ಅಳು ಬಂತಂತ.

‘ನೀ... ಇಲ್ಲಿ ಹೆಂಗ?’

‘ಸಾವಕಾಶ ಮಾತಾಡ್ರಿ. ಮಂದಿ ಮಲಗ್ಯಾರ.’

‘ಯಾರ ಕರಕೊಂಡ ಬಂದ್ರು?’

‘ಉಂಡೀರಿ?’

‘ಹೂಂ. ಮನ್ಯಾಗ ಎಲ್ಲಾರೂ ಆರಾಮ?’

‘ಎಲ್ಲಾರೂ ಆರಾಮ ಅದಾರ್ರಿ.’

‘ಮತ್ತ ನೀ?’

‘ನಾ ಬಂದೇನಲ್ಲ...’

ಆಕೀನ ಕೇಳಿದ್ಲು, ‘ಸಮುದ್ರ ಎತ್ಲಾಗ?’

ಇಳಜಾರ ಓಣಿ. ಅಂವ ಮುಂದ, ಆಕಿ ಹಿಂದ. ‘ಬಾಜೂಕ ಬಾ. ಇಲ್ಲಿ ಯಾರ ನೋಡ್ತಾರ?’ ಅಂದ. ಸ್ವಲ್ಪ ಹೊತ್ತ ಸಪ್ಪಳ ಹಿಂದನ ಇತ್ತು. ಆಮ್ಯಾಲೆ ಟಿಣ್... ಟಿಣ್... ಅಂತ ಬಾಜೂಕ ಬಂತು. ಲಗ್ನ ಆದಾಗಿಂದ ಇಬ್ಬರೂ ಹಂಗ ಜೋಡಿಲೆ ನಡದಿರಲಿಲ್ಲ ನೋಡ್ರಿ. ನಮ್ಮೂರಾಗ ಎಲ್ಲಿ ನಡ್ಯಾಕ ಬರತೈತಿ?

ದಂಡಿಗೆ ಬಂದ್ರು. ಕತ್ತಲಾಗ ನೀರು ಕಲ್ಲಿಗೆ ಛಪ್ ಅಂತ ಬಡದು, ಸರ್ರ್ ಅಂತ ಹಿಂದ ಸರೀತಿತ್ತು. ಶೀತಲ್ ಬಾಯಿಗೆ ಸೆರಗ ಹಿಡಕೊಂಡ್ಲು.

‘ಅಯ್ಯ... ಅಳ್ಳಾಡತೈತ್ರಿ ಇದು!’

ಬಾಳ ಹೊತ್ತ ನೋಡಿದ್ಲಂತ. ಆಮ್ಯಾಲೆ ಮೆಲ್ಲಕ ಅಂದ್ಲು, ‘ಸೀಜನ್ ಮುಗಿಸೇ ಬರ್ರಿ. ನಡುವ ಬಿಟ್ಟ ಬರಬ್ಯಾಡ್ರಿ.’

‘ನೀ ಇಲ್ಲೇ ಬಂದೀಯಲ್ಲ, ಇನ್ನ ನಾ ಎಲ್ಲಿಗೆ ಹೋಗ್ಲಿ?’

ಆಕಿ ಏನೋ ಹೇಳಾಕ ಹ್ವಾದ್ಲು. ಹೇಳಲಿಲ್ಲ. ಇಂವನ ಮಾರಿ ನೋಡಿದ್ಲು, ಅಷ್ಟ.

ಇಬ್ಬರೂ ತಿರುಗಿ ಬಾವಿ ತನಕ ಬಂದ್ರು. ಖೋಲ್ಯಾಗ ಇನ್ನೊಬ್ಬ ಇದ್ದ, ನಿಪ್ಪಾಣಿ ಹುಡುಗ ಕುಣಾಲ. ಅವನ್ನ ಎಬ್ಬಿಸಿ ಜಾಗಾ ಮಾಡಬೇಕಲ್ಲ? ‘ಇಲ್ಲೇ ನಿಂದರು, ಬಂದೆ’ ಅಂತ ಹೇಳಿ ಮಾಳು ಮ್ಯಾಲ ಓಡಿದ. ಕುಣಾಲನ್ನ ಕರಕೊಂಡ ಇಳದ ಬಂದ. ಓಣ್ಯಾಗ ಯಾರೂ ಇಲ್ಲ. ಎಷ್ಟ ಕರದ್ರೂ ಇಲ್ಲ.

ಕುಣಾಲ ಅಂವನ ಹೆಗಲ ಹಿಡದ, ‘ಮನಿಗೆ ಫೋನ್ ಹಚ್ಚು’ ಅಂದ.

ಇಲ್ಲಿ ಇನ್ನೂ ಬೆಳಕ ಹರದಿರಲಿಲ್ಲ. ನಾ ಅಲ್ಲೇ ಪಡಸಾಲ್ಯಾಗ ಕುಂತಿದ್ನಿ. ಫೋನ್ ಹೊಡಕೋತಿದ್ದಂಗ ಜಕ್ಕಪ್ಪ ಕಾಕಾ ಎತ್ತಿದ.

‘ಅಪ್ಪಾ, ಶೀತಲ್‌ಗ ಕೊಡು.’

‘ಮಲಗ್ಯಾಳಪಾ.’

‘ಎಬ್ಬಸು.’

ಕಾಕಾ ನಮ್ಮ ಕಡೆ ಹೊಳ್ಳಿ ನೋಡಿದ.

‘ಅಪ್ಪಾ... ಎಬ್ಬಸು ಅಂದ್ನಿ.’

ಕಾಕಾ ಫೋನ್ ಎದಿಗೆ ಒತ್ತಿ ಹಿಡದ ಕುಂತ ಬಿಟ್ಟ. ನಾವು ಸೆರಗ ಬಾಯಾಗ ತುರುಕಿ ಅಳೂದು ತಡದಿದ್ವಿ. ಆ ಕಡೆ ಮಾಳುಗ ಅಪ್ಪನ ಎದಿ ಬಡಿಯೂದಷ್ಟ ಕೇಳಿಸ್ತಂತ. ಧಡ್... ಧಡ್... ಧಡ್. ಅಷ್ಟರಿಂದನ ತಿಳೀತು ಅವಂಗ. ಸಂಜಿಮುಂದ ಮಿರಜಿನ್ಯಾಗ ಜೀವಾ ಹೋಗಿತ್ತು. ನಾವು ಆಕೀ ಸುತ್ತನ ಕುಂತಿದ್ವಿ.

ಮಣ್ಣಿಗೆ ಬರೂವಷ್ಟು ಟೈಮ್ ಸಿಗಲಿಲ್ಲ. ಆಮ್ಯಾಲೂ ಅಂವ ಬರಲಿಲ್ಲ, ಸೀಜನ್ ಮುಗಿಸೇ ಬಂದ. ಊರಮಂದಿ ಏನ ಕಮ್ಮಿ ಅಂದ್ರ? ‘ಹೆಂಡ್ತಿಗಿಂತ ಪರದೇಶದ ಕೆಲಸ ದೊಡ್ಡದಾತು’ ಅಂದ್ರು.

ಬಂದ ದಿನಾ ಅವ್ವನ ಮುಂದ ಕುಂತು ಎಲ್ಲಾ ಹೇಳಿದ. ಸಾವಿತ್ರೆವ್ವ ಕಾಕು ಗ್ವಾಡಿಗೆ ಆತು ಕುಂತ್ಲು.

‘ಮಿರಜಿಗೆ ಹೋಗೂ ಗಾಡ್ಯಾಗ ನನ್ನ ಕೈ ಹಿಡದ ಅಂದ್ಲಪಾ... ಅತ್ತಿ, ಅವರಿಗೆ ಯಾರೂ ಹೇಳಬ್ಯಾಡ್ರಿ, ನಾನ ಹೋಗಿ ಹೇಳ್ತೇನಿ ಅಂತ. ಜ್ವರದಾಗ ಬಡಬಡಸ್ತಾಳ ಅನ್ಕೊಂಡ್ನಿ.’

‘ಬಂದಿದ್ಲು ಬೇ... ಆದ್ರ ಹೇಳಲಿಲ್ಲ.’

‘ಹೆಂಗ ಹೇಳ್ಯಾಳೋ? ನಿನ್ನ ಮಾರಿ ನೋಡಿ ಬಾಯಿ ಬಂದಿರಂಗಿಲ್ಲ.’

ಅವತ್ತಿಂದ ಆ ಮನ್ಯಾಗ ಈ ಮಾತ ಯಾರೂ ಎತ್ತಂಗಿಲ್ಲ.

ದುಃಖದಾಗ ಮಾಳು ಏನೋ ಕಂಡಾನ ಅಂತೀರಿ. ನಾನೂ ಹಂಗ ಅಂತಿದ್ನಿ. ಆದ್ರ ಕುಣಾಲ ನಿಪ್ಪಾಣಿಗೆ ಬಂದಾಗ ನಾನ ಹೋಗಿ ಕೇಳಿದ್ನಿ, ಆಣಿ ಹಾಕಿ ಕೇಳಿದ್ನಿ. ಅಂವಗ ಸುಳ್ಳ ಹೇಳಿ ಏನ ಆಗಬೇಕು? ಆ ರಾತ್ರಿ ತಾ ಏನೂ ನೋಡಿಲ್ಲ ಅಂದ. ಮುಂಜಾನೆದ್ದು ಮಾತ್ರ ಹೇಳಿದ.

ಮುಂಜಾನೆ ಮಾಳುನ ಕೈ ಹಿಡಕೊಂಡ ಬಾವಿ ಮಗ್ಗಲಿಂದ ಹೊಂಟಿದ್ನಂತ. ಬಾವಿ ಎದುರ ಮನಿ ಮುದುಕಿ ಹೊರಗ ಬಂದ್ಲು. ಒಂದಿನಾ ಇವರನ್ನ ಮಾತಾಡ್ಸಿದಾಕಿ ಅಲ್ಲ. ಉಡ್ಯಾಗ ಅಂಜೂರಿ ಹಣ್ಣ ಇದ್ವು. ಒಂದ ಮಾಳುನ ಕೈಯಾಗ ಇಟ್ಲು. ಒಂದ ಕುಣಾಲಗ ಕೊಟ್ಲು. ಇನ್ನೊಂದನ್ನ ಮಾಳುನ ಬಾಜೂಕ, ಯಾರೂ ಇಲ್ಲದಲ್ಲಿ, ಕೈ ಚಾಚಿ ಹಿಡದ್ಲು. ಹಿಡಕೊಂಡ ಸ್ವಲ್ಪ ಹೊತ್ತ ನಿಂತ್ಲು... ಆಮ್ಯಾಲೆ ಅದನ್ನ ಬಾವಿ ಕಟ್ಟಿ ಮ್ಯಾಲಿಟ್ಟು, ಒಳಗ ಹೋಗಿ ಕದಾ ಹಾಕ್ಕೊಂಡ್ಲು.