ವಾರಂಟಿ ಬೇಡದ ಕಂಪ್ಯೂಟರ್

ಪ್ರಿಂಟರಿನ ಶಾಯಿಗೆಂದು ಕಂಪ್ಯೂಟರ್ ಅಂಗಡಿಯಲ್ಲಿ ಕಾದಿದ್ದ ಗಣಿತದ ಮೇಷ್ಟ್ರ ಕಿವಿ ಮುಂದಿದ್ದ ಗಿರಾಕಿಯ ಮಾತಿನತ್ತ ಹೊರಳಿತು.

“ಮಗಳಿಗೆ ಗೇಮ್ ಆಡೋಕೆ ಕಂಪ್ಯೂಟರ್ ಬೇಕು. ಬಿಡಿಭಾಗಗಳನ್ನೇ ಕೊಡಿ, ನಾವಿಬ್ರೂ ಕೂತು ಜೋಡಿಸ್ತೀವಿ.”

“ಯಾಕ್ ಸಾರ್ ತಲೆನೋವು? ರೆಡಿ ಇರೋದನ್ನೇ ತಗೊಳ್ಳಿ, ಇವತ್ತೇ ಆಡ್ತಾಳೆ.”

“ಇವತ್ತೇ ಕೊಟ್ರೆ ಸಂಜೆಗೇ ಅವರಮ್ಮನ ಮನೆಗೆ ಹೊತ್ಕೊಂಡು ಹೋಗ್ತಾಳೆ. ನನ್ನ ಹತ್ರ ಬರೋದೇ ಭಾನುವಾರ ಮಾತ್ರ.”

“ಜೋಡಿಸೋದು ಒಂದು ಮಧ್ಯಾಹ್ನದ ಕೆಲಸ ಸಾರ್.”

“ನಾನು ಅದನ್ನ ನಾಲ್ಕು ಭಾನುವಾರ ಎಳೀತೀನಿ.”

“ರೆಡಿ ಇರೋದಕ್ಕೆ ಮೂರು ವರ್ಷ ವಾರಂಟಿ. ಕೆಟ್ರೆ ನಮ್ಮವರೇ ಮನೆಗೆ ಬರ್ತಾರೆ.”

“ಅದೇ ಬೇಡ ಅಂದಿದ್ದು. ಕೆಟ್ರೆ ಅವಳು ನನಗೆ ಫೋನ್ ಮಾಡ್ಬೇಕು.”

ಅಂಗಡಿಯವರು ನಕ್ಕರು. “ನಮ್ಮ ಸಾಮಾನು ಅಷ್ಟು ಬೇಗ ಕೆಡಲ್ಲ ಸಾರ್.”

“ಕೆಡದಿದ್ರೂ, ಏನಾದ್ರೂ ಕೇಳೋಕಾದ್ರೂ ಫೋನ್ ಮಾಡ್ತಾಳಲ್ವಾ?”

ಗಿರಾಕಿ ದುಡ್ಡು ಕೊಟ್ಟು, ಬಿಡಿಭಾಗಗಳ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಹೊರಟುಹೋದರು.